ದೂರದ ಮಳೆ, ಇಕ್ಕಟ್ಟಿನ ದಾರಿ



ಮರುಭೂಮಿಯಲ್ಲಿ ನೀರು ಸಿಗದೆ ಪ್ರಾಣ ಬಿಟ್ಟವರ ಕಥೆಗಳನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಅದೇ ಮರುಭೂಮಿಯಲ್ಲಿ ನೀರಿನಲ್ಲೇ ಕೊಚ್ಚಿ ಹೋದವರ ಬಗ್ಗೆ ಕೇಳಿದ್ದೀರಾ? ಇದು ಒಗಟಲ್ಲ, ನಡೆಯುತ್ತಲೇ ಇರುವ ಸಂಗತಿ. ಗಲ್ಫ್‌ನಲ್ಲಿರುವ ನಮ್ಮ ಅನೇಕ ಕುಟುಂಬಗಳು ಇತ್ತೀಚೆಗೆ ರಜೆ ಸಿಕ್ಕಿದಾಗ ಮಕ್ಕಳು, ಹಿರಿಯರೊಂದಿಗೆ ಬೆಟ್ಟ ಕಣಿವೆಗಳಿಗೆ ಹೋಗುತ್ತಿರುವುದರಿಂದ ಈ ತಿಂಗಳು ಅದರ ಬಗ್ಗೆಯೇ ಮಾತಾಡೋಣ.

ಇಡೀ ಕುಟುಂಬ ಸುಲಭವಾಗಿ ನಡೆಯಬಹುದಾದ ಮರುಭೂಮಿಯ ಕಣಿವೆ ಯಾವುದೆಂದು ಕೇಳಿದರೆ ಮೊದಲು ನೆನಪಾಗುವುದು ಜೋರ್ಡಾನ್ ದೇಶದ ಪೆಟ್ರಾ. ಎರಡು ಸಾವಿರ ವರ್ಷಗಳ ಹಿಂದೆ ನಬಾತಿಯರು ಎಂಬ ಅರಬ್ ವರ್ತಕ ಜನಾಂಗ ಬಂಡೆಗಳನ್ನು ಕೊರೆದು ಕಟ್ಟಿದ ನಗರವಿದು. ಸೌದಿ ಅರೇಬಿಯಾದ ಮದಾಯಿನ್ ಸಾಲಿಹ್‌ನಲ್ಲಿ ಕಾಣುವ ಬಂಡೆಗೋರಿಗಳೂ ಇವರವೇ. ಪೆಟ್ರಾದ ಪಕ್ಕದ ಊರಿನ ಹೆಸರು ವಾದಿ ಮೂಸಾ. ಹಝ್ರತ್ ಮೂಸಾ(ಅ)ರವರು ಕೋಲಿನಿಂದ ಬಂಡೆಗೆ ಹೊಡೆದು ನೀರು ಹರಿಸಿದ್ದು ಇಲ್ಲಿಯೇ ಎಂಬುದು ಸ್ಥಳೀಯರ ನಂಬಿಕೆ. ಹಝ್ರತ್ ಹಾರೂನ್(ಅ)ರವರ ಹೆಸರಿನ ಬೆಟ್ಟವೂ ಸಮೀಪದಲ್ಲಿದೆ.

ಈ ನಗರದೊಳಗೆ ಹೋಗುವ ಮುಖ್ಯ ದಾರಿಯೇ ಬಂಡೆಯ ಒಂದು ಸೀಳು. ಅದಕ್ಕೆ 'ಸಿಕ್' ಎನ್ನುತ್ತಾರೆ. ಉದ್ದ ಸುಮಾರು 1.2 ಕಿಲೋಮೀಟರ್. ಎರಡೂ ಬದಿಗಳಲ್ಲಿ 80 ಮೀಟರಿಗೂ ಎತ್ತರದ ಕೆಂಪು ಬಂಡೆಯ ಗೋಡೆಗಳು. ಕೆಲವೆಡೆ ದಾರಿಯ ಅಗಲ ಕೇವಲ ಮೂರು ಮೀಟರ್. ಭೂಮಿಯ ಒಳಗಿನ ಒತ್ತಡಕ್ಕೆ ಬೆಟ್ಟವೇ ಬಿರುಕು ಬಿಟ್ಟು ಉಂಟಾದ ದಾರಿಯಿದು. ಆಮೇಲೆ ಹರಿದ ನೀರು ಅದನ್ನು ನಯಗೊಳಿಸಿತು. ತಿರುವು ತಿರುವಿಗೂ ಬಂಡೆಯ ಬಣ್ಣ ಬದಲಾಗುತ್ತದೆ. ಕೊನೆಯ ತಿರುವಿನಲ್ಲಿ ಇದ್ದಕ್ಕಿದ್ದಂತೆ 'ಅಲ್ ಖಝ್ನಾ' ಎಂಬ ಸುಮಾರು 40 ಮೀಟರ್ ಎತ್ತರದ ಕೆತ್ತನೆಯ ಮುಂಭಾಗ ಕಣ್ಣೆದುರು ನಿಲ್ಲುತ್ತದೆ. ಸುಬ್‌ಹಾನಲ್ಲಾಹ್ ಎನ್ನದೆ ಇರಲು ಯಾರಿಗೂ ಸಾಧ್ಯವಿಲ್ಲ.

ನಡಿಗೆ ಕಷ್ಟವಿಲ್ಲ. ಟಿಕೆಟ್ ಕೊಡುವ ಸ್ಥಳದಿಂದ ಅಲ್ ಖಝ್ನಾ ತನಕ ಸುಮಾರು ಎರಡು ಕಿಲೋಮೀಟರ್. ಹೋಗುವಾಗ ಇಳಿಜಾರು, ಬರುವಾಗ ಸ್ವಲ್ಪ ಏರು. ಹತ್ತು ವರ್ಷದ ಮಗುವೂ ಅರುವತ್ತರ ಅಜ್ಜಿಯೂ ನಡೆಯಬಹುದು. ನಡೆಯಲಾರದ ಹಿರಿಯರಿಗೆ ಮೊದಲು ಕುದುರೆಗಾಡಿಗಳಿದ್ದವು, ಈಗ ಬ್ಯಾಟರಿ ಗಾಡಿಗಳಿವೆ. ಕೆಲವೆಡೆ ಹಳೆಯ ಕಾಲದ ಹಾಸುಗಲ್ಲುಗಳು ಏರುತಗ್ಗಾಗಿರುವುದರಿಂದ ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಅಬಾಯ ನೆಲಕ್ಕೆ ತಾಗದಷ್ಟು ಮೇಲಿರಲಿ. ಪ್ರತಿಯೊಬ್ಬರ ಬಳಿಯೂ ಅವರದೇ ನೀರಿನ ಬಾಟಲಿ ಇರಲಿ. ಮುಂದೆ 'ದೈರ್' ಎಂಬ ಇನ್ನೊಂದು ದೊಡ್ಡ ಕೆತ್ತನೆಗೆ ಸುಮಾರು 800 ಮೆಟ್ಟಿಲುಗಳಿವೆ. ಮಂಡಿನೋವಿರುವವರು ಅಲ್ಲಿಗೆ ಆಸೆಪಡದಿರುವುದು ಒಳ್ಳೆಯದು.

ಇಷ್ಟು ಸುಲಭವಾದ ದಾರಿಯಲ್ಲಿ ಅಪಾಯವೆಲ್ಲಿದೆ? ಈ ಸುಲಭದಲ್ಲಿಯೇ ಇದೆ, ಸಹೋದರಿಯರೇ. ಕಾಲಿಗೆ ಸುಲಭವಾದದ್ದನ್ನು ಮನಸ್ಸು ಸುರಕ್ಷಿತವೆಂದು ನಂಬಿಬಿಡುತ್ತದೆ.

ಮದ್ರಸದಲ್ಲಿ ಅರಬಿ ಕಲಿತವರಿಗೆ 'ವಾದಿ' ಎಂಬ ಪದ ಗೊತ್ತು. ನಾವು ಅದಕ್ಕೆ ಕಣಿವೆ ಎಂದು ಅರ್ಥ ಹೇಳಿ ಮುಂದೆ ಹೋಗುತ್ತೇವೆ. ಆದರೆ ಅರಬ್ಬರಿಗೆ ಅದು ನೀರು ಹರಿಯುವ ಜಾಗ. ವರ್ಷವಿಡೀ ಒಣಗಿದ್ದರೂ ಅದು ನೀರಿನ ದಾರಿಯೇ. ಆ ದಾರಿಯಲ್ಲಿ ಒಮ್ಮೆಲೇ ನುಗ್ಗಿ ಬರುವ ನೆರೆಗೆ 'ಸೈಲ್' ಎನ್ನುತ್ತಾರೆ. ಆದ್ದರಿಂದ ನಕ್ಷೆಯಲ್ಲಿ 'ವಾದಿ' ಎಂದು ಆರಂಭವಾಗುವ ಹೆಸರು ಕಂಡರೆ, ನೀವು ನೀರಿನ ಮನೆಗೆ ನೀರು ಇಲ್ಲದ ಹೊತ್ತಿನಲ್ಲಿ ಹೋಗುತ್ತಿದ್ದೀರಿ ಎಂದು ತಿಳಿದುಕೊಳ್ಳಿ.

ಹೊಳೆ ಬದಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಮಳೆ ಸುರಿದರೆ ನೇತ್ರಾವತಿ ಕೆಂಪಾಗುತ್ತದೆ. ಮರುಭೂಮಿಯಲ್ಲಿಯೂ ಹಾಗೆಯೇ, ಆದರೆ ಬಹಳ ವೇಗವಾಗಿ. ಅಲ್ಲಿ ನೀರನ್ನು ತಡೆದು ಹೀರಲು ಕಾಡಿಲ್ಲ, ಮೆತ್ತನೆಯ ಮಣ್ಣಿಲ್ಲ. ಬೋಳು ಬಂಡೆಗಳ ಮೇಲೆ ಬಿದ್ದ ಮಳೆ ನಾಲ್ಕು ದಿಕ್ಕಿನಿಂದ ಒಂದೇ ಸೀಳಿಗೆ ಬಂದು ಸೇರುತ್ತದೆ. ಮೂರು ಮೀಟರ್ ಅಗಲದ ಜಾಗದಲ್ಲಿ ನೀರಿಗೆ ಹರಡಲು ಸ್ಥಳವಿಲ್ಲ, ಅದು ಮೇಲೇರಲೇಬೇಕು. ಒಳಗಿರುವವರಿಗೆ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ. ಅದು ನೀಲಿಯಾಗಿಯೇ ಇರಬಹುದು. ಮೋಡ ಎಲ್ಲೋ ಮೈಲುಗಳಾಚೆ ಇರುತ್ತದೆ.

ಅಮೆರಿಕದ ಅರಿಝೋನಾ ರಾಜ್ಯದ ಆಂಟಿಲೋಪ್ ಕಣಿವೆಯಲ್ಲಿ 1997ರ ಆಗಸ್ಟ್ 12ರಂದು ಹೀಗೆಯೇ ಆಯಿತು. ಜೋರು ಮಳೆ ಬಿದ್ದದ್ದು ದೂರದಲ್ಲಿ. ಕಣಿವೆಯೊಳಗಿದ್ದ 11 ಪ್ರವಾಸಿಗರು ನೆರೆಗೆ ಸಿಕ್ಕಿ ಸತ್ತರು.

ನಬಾತಿಯರಿಗೆ ಈ ಗುಟ್ಟು ಚೆನ್ನಾಗಿ ತಿಳಿದಿತ್ತು. ಸಿಕ್‌ನ ಬಾಯಿಯಲ್ಲೇ ಅಣೆಕಟ್ಟು ಕಟ್ಟಿ, ಬಂಡೆಯಲ್ಲಿ 80 ಮೀಟರಿಗೂ ಉದ್ದದ ಸುರಂಗ ಕೊರೆದು, ನೆರೆ ನೀರನ್ನು ಬೇರೆ ಕಣಿವೆಗೆ ತಿರುಗಿಸಿದ್ದರು. ಕುಡಿಯುವ ನೀರಿಗೆ ಮಾತ್ರ ಸಿಕ್‌ನ ಗೋಡೆಗಳಲ್ಲಿ ಕಾಲುವೆ ಕೊರೆದು, ಮಣ್ಣಿನ ಕೊಳವೆಗಳನ್ನು ಕೂರಿಸಿದ್ದರು. ಅವುಗಳ ಗುರುತು ಈಗಲೂ ಕಾಣುತ್ತದೆ, ಮಕ್ಕಳಿಗೆ ತಪ್ಪದೆ ತೋರಿಸಿ. ಕಾಲಾಂತರದಲ್ಲಿ ಆ ವ್ಯವಸ್ಥೆ ಹಾಳಾಯಿತು. 1963ರ ಏಪ್ರಿಲ್‌ನಲ್ಲಿ ಸಿಕ್‌ನೊಳಗೆ ನೆರೆ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಫ್ರೆಂಚ್ ಪ್ರವಾಸಿಗರು ಸತ್ತರು. ಆ ಬಳಿಕವೇ ಹಳೆಯ ಅಣೆಕಟ್ಟಿನ ಜಾಗದಲ್ಲಿ ಹೊಸತನ್ನು ಕಟ್ಟಲಾಯಿತು.

ಹಾಗಾದರೆ ಈಗ ಭಯವಿಲ್ಲವೇ? 2018ರ ನವೆಂಬರ್ 9ರಂದು ಜೋರ್ಡಾನ್‌ನಲ್ಲಿ ಮತ್ತೆ ನೆರೆ ಬಂತು. ಪೆಟ್ರಾದಿಂದ ಮೂರೂವರೆ ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ತೆರವುಗೊಳಿಸಬೇಕಾಯಿತು. ದೇಶದ ಇತರ ಕಡೆಗಳಲ್ಲಿ ಹನ್ನೆರಡು ಮಂದಿಯಾದರೂ ಪ್ರಾಣ ಕಳೆದುಕೊಂಡರು. ಅದಕ್ಕೆ ಎರಡು ವಾರ ಮೊದಲು, ಅಕ್ಟೋಬರ್ 25ರಂದು, ಮೃತ ಸಮುದ್ರದ ಬಳಿಯ ಕಣಿವೆಯಲ್ಲಿ 21 ಮಂದಿ ಕೊಚ್ಚಿ ಹೋದರು. ಅವರಲ್ಲಿ ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳು. ಆ ದೇಶದ ಶಿಕ್ಷಣ ಸಚಿವರೂ ಪ್ರವಾಸೋದ್ಯಮ ಸಚಿವೆಯೂ ರಾಜೀನಾಮೆ ಕೊಟ್ಟರು. ಆದರೆ ಬೆಳಿಗ್ಗೆ ಬುತ್ತಿ ಕಟ್ಟಿ ಕಳಿಸಿದ ತಾಯಂದಿರಿಗೆ ಯಾರ ರಾಜೀನಾಮೆಯಿಂದ ಏನು ಬಂತು? ಶಾಲೆಯಲ್ಲಿ ಪಾಠ ಹೇಳುವ ನನಗೆ ಈ ಸುದ್ದಿ ಮರೆಯಲು ಆಗುವುದೇ ಇಲ್ಲ. 2025ರ ಮೇ ತಿಂಗಳಲ್ಲಿಯೂ ಪೆಟ್ರಾವನ್ನು ನೆರೆಯಿಂದಾಗಿ ಖಾಲಿ ಮಾಡಿಸಬೇಕಾಯಿತು. ಮಳೆಗಾಲ ಮುಗಿಯಿತೆಂಬ ಲೆಕ್ಕಾಚಾರವೂ ಅಲ್ಲಿ ಪೂರ್ತಿ ನಡೆಯುವುದಿಲ್ಲ.

ಹೋಗಲೇಬೇಡಿ ಎಂದು ಹೇಳುತ್ತಿಲ್ಲ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಕುರುಹುಗಳನ್ನು ನೋಡಬೇಕೆಂಬುದು ನಮಗೆ ಕಲಿಸಲ್ಪಟ್ಟ ಪಾಠವೇ. ಹೋಗುವವರು ಇಷ್ಟು ಮಾಡಿ: ಹಿಂದಿನ ರಾತ್ರಿ ಮತ್ತು ಹೊರಡುವ ಬೆಳಿಗ್ಗೆ ಹವಾಮಾನ ಮುನ್ಸೂಚನೆ ನೋಡಿ. ನೀವು ಹೋಗುವ ಊರಿನದು ಮಾತ್ರ ಸಾಲದು, ಆ ಕಣಿವೆಗೆ ನೀರು ಬರುವ ಮೇಲಿನ ಬೆಟ್ಟಗಳದ್ದನ್ನೂ ಕೇಳಿ. ಗೇಟಿನಲ್ಲಿರುವ ಸಿಬ್ಬಂದಿಯನ್ನು, ಸ್ಥಳೀಯರನ್ನು ವಿಚಾರಿಸಿ. ಸೈರನ್ ಕೇಳಿದರೆ, ನೀರು ಕೆಂಪಾಗಿ ಹರಿಯಲು ಆರಂಭಿಸಿದರೆ ಫೋಟೋಗೆ ನಿಲ್ಲಬೇಡಿ. ಸಾಮಾನುಗಳನ್ನು ಬಿಟ್ಟಾದರೂ ಮಕ್ಕಳ ಕೈಹಿಡಿದು ಎತ್ತರದ ಜಾಗಕ್ಕೆ ಹೋಗಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2023ರಿಂದ ಇದಕ್ಕೆ ಕಾನೂನೇ ಇದೆ. ಮಳೆಯಲ್ಲಿ ವಾದಿಗಳ ಬಳಿ ಗಾಡಿ ತಂದು ಗುಂಪು ಸೇರಿದರೆ 1,000 ದಿರ್ಹಮ್, ನೆರೆ ಬಂದ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್ ದಂಡ. ಗಾಡಿಯೂ 60 ದಿನ ಮುಟ್ಟುಗೋಲು.

ಇನ್ನೊಂದು ಮಾತು ಬಾಕಿಯಿದೆ. ಪೆಟ್ರಾಕ್ಕೆ ಒಂದು ದಿನದ ಟಿಕೆಟ್ ಒಬ್ಬರಿಗೆ 50 ದಿನಾರ್. ವಿಮಾನ, ಹೋಟೆಲ್ ಖರ್ಚು ಬೇರೆ. ಇಷ್ಟು ಖರ್ಚು ಮಾಡಿ ಬಂದ ಮೇಲೆ ಮೋಡ ಕಂಡರೆ ವಾಪಸ್ ಹೋಗೋಣ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಮನಸ್ಸಿನಲ್ಲಿ ಅಳುಕು ಹುಟ್ಟುವುದು ಹೆಚ್ಚಾಗಿ ಮಕ್ಕಳ ತಾಯಿಗೆ. ಅವಳು ಮೆಲ್ಲಗೆ ಹೇಳುತ್ತಾಳೆ. 'ನಿನಗೆ ಎಲ್ಲದಕ್ಕೂ ಹೆದರಿಕೆ' ಎಂಬ ಒಂದು ಮಾತಿಗೆ ಸುಮ್ಮನಾಗುತ್ತಾಳೆ. ಸುಮ್ಮನಾಗಬೇಡಿ ಸಹೋದರಿ. ವಿಪರೀತ ಮಳೆ ಚಳಿಯ ರಾತ್ರಿಗಳಲ್ಲಿ ಜನರು ಮಸೀದಿಗೆ ಬಾರದೆ ತಾವಿರುವಲ್ಲೇ ನಮಾಝ್ ಮಾಡಲಿ ಎಂದು ಸಾರಲು ಪ್ರವಾದಿಯವರು(ಸ) ಮುಅದ್ದಿನರಿಗೆ ಹೇಳುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಮಸೀದಿಯ ಜಮಾಅತಿಗೇ ಮಳೆಯಲ್ಲಿ ರಿಯಾಯಿತಿಯಿದ್ದರೆ, ಒಂದು ಪ್ರವಾಸವನ್ನು ನಾಳೆಗೆ ಇಟ್ಟರೆ ಯಾರ ಮರ್ಯಾದೆ ಹೋಗುತ್ತದೆ? ಮಕ್ಕಳು ನಮ್ಮ ಬಳಿಯಿರುವ ಅಮಾನತ್. ತವಕ್ಕುಲ್‌ನ ಹೆಸರಿನಲ್ಲಿ ಅವರನ್ನು ನೀರಿನ ದಾರಿಯಲ್ಲಿ ನಿಲ್ಲಿಸಲು ನಮಗೆ ಅಧಿಕಾರವಿಲ್ಲ.

ಮನೆಯ ಗಂಡಸರಿಗೆ ಈ ಪುಟವನ್ನು ಓದಲು ಕೊಡಿ. ಹೊರಡುವ ಮೊದಲೇ ಎಲ್ಲರೂ ಸೇರಿ ಒಂದು ಒಪ್ಪಂದ ಮಾಡಿಕೊಳ್ಳಿ: ಕುಟುಂಬದಲ್ಲಿ ಯಾರೇ ಒಬ್ಬರು 'ಇವತ್ತು ಬೇಡ' ಎಂದರೂ ಎಲ್ಲರೂ ಹಿಂದಿರುಗುವುದು, ಮತ್ತೆ ಆ ಮಾತೆತ್ತಿ ಅವರನ್ನು ಹಂಗಿಸದಿರುವುದು. ಎರಡು ಸಾವಿರ ವರ್ಷ ನಿಂತಿರುವ ಅಲ್ ಖಝ್ನಾ ನಾಳೆಯೂ ಅಲ್ಲೇ ಇರುತ್ತದೆ.