ಆರೋಗ್ಯ ಚಿಂತನ: ಆಣೆಯೊಂದೇ ಸಾಲದು



ಔರಾದ ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಬೆನ್ನುನೋವಿಗೆಂದು ತಂದ ಟ್ರಮಡಾಲ್ ಮಾತ್ರೆಯನ್ನು ಮಗನು ವರ್ಷಗಟ್ಟಲೆ ನುಂಗುತ್ತ ಬಂದಿದ್ದಾನೆ. ಸಂಗತಿಯನ್ನರಿತ ತಂದೆ ಮಾತ್ರೆಗಳನ್ನು ಎಸೆದು, ಆಣೆ ಮಾಡಿಸಿ, ಮಗನನ್ನು ಕೋಣೆಯಲ್ಲಿ ಮಲಗಿಸುತ್ತಾನೆ. ಮರುದಿನವೇ ಆಕಳಿಕೆ, ಕಣ್ಣು ಮೂಗುಗಳಲ್ಲಿ ನೀರು, ವಾಂತಿ, ಭೇದಿ, ಮೈಮುರಿಯುವ ನೋವು! ಎರಡು ಮೂರನೆಯ ದಿನಕ್ಕೆ ಯಾತನೆ ಮಿತಿಮೀರುತ್ತದೆ. ಮನೆಯವರು ಇದನ್ನು ನಾಟಕವೆನ್ನುತ್ತಾರೆ, ವೈದ್ಯಶಾಸ್ತ್ರವು ರೋಗವೆನ್ನುತ್ತದೆ.

ಅಫೀಮು, ಕೋಡೀನ್ ಬೆರೆತ ಕೆಮ್ಮಿನ ಔಷಧ, ಟ್ರಮಡಾಲ್ ಇವೆಲ್ಲವೂ ಒಂದೇ ಬಳಗದವು. ನಿತ್ಯ ಸೇವನೆಗೆ ಮಿದುಳು ಒಗ್ಗಿಕೊಂಡಿರುವುದರಿಂದ, ಥಟ್ಟನೆ ನಿಲ್ಲಿಸಿದಾಗ ದೇಹವು ತತ್ತರಿಸುತ್ತದೆ. ಟ್ರಮಡಾಲನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತರಲಾಯಿತು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ನಾಡಿಗೆ ವ್ಯಸನಮುಕ್ತ ದಿನ. ಅಂಥ ಸಂಕಲ್ಪವು ಅಮೂಲ್ಯವಾದುದು. ಆದರೆ ಈ ಬಗೆಯ ವ್ಯಸನದಲ್ಲಿ ಸಂಕಲ್ಪಕ್ಕೆ ಔಷಧದ ಊರುಗೋಲೂ ಬೇಕು.

ಯಾತನೆ ಆರಂಭವಾದೊಡನೆ ಭಾಲ್ಕಿ, ಔರಾದ ತಾಲ್ಲೂಕು ಆಸ್ಪತ್ರೆಗಾಗಲಿ, ಬೀದರದ ಬ್ರಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕಾಗಲಿ ಕರೆದೊಯ್ಯಿರಿ. ಯಾವ ಮಾತ್ರೆ, ಎಷ್ಟು, ಕೊನೆಯ ಬಾರಿ ಎಂದು ಸೇವಿಸಿದ್ದು ಎಂಬುದನ್ನು ಮುಚ್ಚಿಡದೆ ಹೇಳಿರಿ. ಮುಚ್ಚಿಟ್ಟರೆ ಬರಿಯ ವಾಂತಿಭೇದಿಯೆಂದು ಭಾವಿಸಿ ಕಳುಹಿಸಿಯಾರು. ನೀರಿನಂಶ ತುಂಬಿಸಿ, ವಾಂತಿ ನಿಲ್ಲಿಸಿ, ಅಗತ್ಯವಿದ್ದರೆ ಬ್ಯುಪ್ರೆನಾರ್ಫಿನ್ ಎಂಬ ಔಷಧದಿಂದ ಹಂಬಲವನ್ನು ಶಮನಗೊಳಿಸಲು ಸಾಧ್ಯವಿದೆ. ಯಾತನೆ ಕಾಣಿಸಿಕೊಳ್ಳುವ ಮೊದಲೇ ಅದನ್ನು ಕೊಟ್ಟರೆ ಕೆಡುಕಾಗುವುದರಿಂದ ವೈದ್ಯರೇ ಕಾಲ ನಿರ್ಣಯಿಸಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತುರ್ತು ವಿಭಾಗದಲ್ಲಿಯೇ ಈ ಔಷಧ ಆರಂಭಿಸಿದವರಲ್ಲಿ 100ಕ್ಕೆ 78 ಮಂದಿ ತಿಂಗಳ ನಂತರವೂ ಚಿಕಿತ್ಸೆಯಲ್ಲಿದ್ದರು. ಬೇರೆಡೆಗೆ ಹೋಗಿರೆಂದು ವಿಳಾಸವಷ್ಟೇ ಪಡೆದವರಲ್ಲಿ 37 ಮಂದಿ ಮಾತ್ರ. ಈ ಔಷಧವು ಎಲ್ಲ ಆಸ್ಪತ್ರೆಗಳಲ್ಲಿಯೂ ದೊರೆಯದು. ದೊರೆಯುವ ಸ್ಥಳವನ್ನು ವೈದ್ಯರಲ್ಲಿ ಕೇಳಿರಿ; ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೂ ಕರೆಮಾಡಬಹುದು.

ಇನ್ನೊಂದು ಎಚ್ಚರಿಕೆ. ಕೆಲವು ದಿನ ಬಿಟ್ಟವನು ಮತ್ತೆ ಹಳೆಯ ಪ್ರಮಾಣವನ್ನೇ ಸೇವಿಸಿದರೆ ಉಸಿರೇ ನಿಲ್ಲಬಹುದು; ದೇಹವು ಅಷ್ಟನ್ನು ತಾಳುವ ಶಕ್ತಿಯನ್ನು ಆಗಲೇ ಕಳೆದುಕೊಂಡಿರುತ್ತದೆ. ಕಣ್ಣಪಾಪೆ ಸೂಜಿಮೊನೆಯಂತಾಗಿ, ಉಸಿರು ನಿಧಾನವಾದರೆ ಕೂಡಲೇ 108ಕ್ಕೆ ಕರೆಮಾಡಿರಿ. ನ್ಯಾಲಾಕ್ಸೋನ್ ಚುಚ್ಚುಮದ್ದು ಪ್ರಾಣ ಉಳಿಸಬಲ್ಲದು.

ಮನೆತನದ ಮರ್ಯಾದೆಗೆ ಅಂಜಿ ಕೋಣೆಯ ಬಾಗಿಲು ಮುಚ್ಚಬೇಡಿರಿ. ಮಗನು ಉಳಿದರೆ ಮರ್ಯಾದೆಯೂ ಉಳಿದೀತು.