ಚಿಕ್ಕಪ್ಪನ ಓಟು

ಇದನ್ನ ಬರೆಯೋದೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಬರೆದೇಬಿಡ್ತೀನಿ.

1994ರ ವಿಧಾನಸಭೆ ಚುನಾವಣೆ. ನನಗಾಗ ಇಪ್ಪತ್ತು ವರ್ಷ. ಕಣ್ಣು ಕಾಣದ ಚಿಕ್ಕಪ್ಪನನ್ನು ಊರ ಶಾಲೆಯ ಮತಗಟ್ಟೆಗೆ ಕರ್ಕೊಂಡು ಹೋಗೋ ಕೆಲಸ ನನ್ನ ಪಾಲಿಗೆ ಬಂತು. ಮೆಷಿನ್ ಇನ್ನೂ ಬಂದಿರಲಿಲ್ಲ, ಮತಪತ್ರದ ಮೇಲೆ ಸೀಲು ಒತ್ತಿ ಪೆಟ್ಟಿಗೆಗೆ ಹಾಕಬೇಕಿತ್ತು. ಯಾರಿಗೆ ಹಾಕಬೇಕು ಅಂತ ಚಿಕ್ಕಪ್ಪ ದಾರಿಯಲ್ಲೇ ಮೆಲ್ಲಗೆ ಹೇಳಿದ್ದ. ಗುಟ್ಟು ಕಾಪಾಡ್ತೀನಿ ಅಂತ ಬರೆದಿದ್ದ ಕಾಗದಕ್ಕೆ ನಾನು ಸಹಿ ಹಾಕಿದೆ. ಇಬ್ಬರೂ ಮರೆಗೆ ಹೋದೆವು. ಸೀಲು ನನ್ನ ಕೈಯಲ್ಲಿತ್ತು. ಅವನು ಹೇಳಿದ ಗುರುತು ಬಿಟ್ಟು, ನನಗೆ ಬೇಕಾದ ಗುರುತಿನ ಮೇಲೆ ಒತ್ತಿದೆ.

'ಸರಿಯಾಗಿ ಬಿತ್ತೇನೋ?' ಅಂತ ಕೇಳಿದ.

'ಹ್ಞೂಂ, ಬಿತ್ತು ಚಿಕ್ಕಪ್ಪ' ಅಂದೆ.

ಅವತ್ತೆಲ್ಲ ಅವನು ಮಸಿ ಹಚ್ಚಿದ ಬೆರಳನ್ನ ಸಿಕ್ಕಿದವರಿಗೆಲ್ಲ ತೋರಿಸಿಕೊಂಡು ಓಡಾಡಿದ.

ಆಗ ನನಗದು ತುಂಟತನ ಅನ್ನಿಸಿತ್ತು. ಕಳ್ಳತನ ಅಂತ ಗೊತ್ತಾಗೋದಕ್ಕೆ ನಾನು ಅಮೇರಿಕಾಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 2018ರ ನವೆಂಬರ್ ಚುನಾವಣೆಯಲ್ಲಿ ಮತಗಟ್ಟೆ ಕೆಲಸಕ್ಕೆ ಕೂರಬೇಕಾಯ್ತು. ನಮ್ಮಲ್ಲಿ ಮೇಷ್ಟ್ರುಗಳು ಮಾಡೋ ಕೆಲಸವನ್ನ ಇಲ್ಲಿ ನನ್ನಂಥ ಊರಿನವರೇ ದಿನಗೂಲಿಗೆ ಮಾಡ್ತಾರೆ. ಅಂಗವಿಕಲರಿಗೆ ಅಂತ ಇಟ್ಟಿದ್ದ ಮೆಷಿನ್ ಒಂದು ಮೂಲೆಯಲ್ಲಿತ್ತು. ಯಾರೂ ಅದನ್ನ ಆನ್ ಮಾಡಿರಲಿಲ್ಲ, ನಾವೆಲ್ಲ ಅದರ ಮೇಲೆ ಕೋಟು ಹಾಕಿಟ್ಟಿದ್ದೆವು!

ಮಧ್ಯಾಹ್ನ ಬಿಳಿ ಕೋಲು ಹಿಡಿದ ವಯಸ್ಸಾದ ಹೆಂಗಸೊಬ್ಬರು ಬಂದರು. 'ನಾವು ಓದಿ ಹೇಳ್ತೀವಿ, ನಾವೇ ತುಂಬ್ತೀವಿ' ಅಂದೆವು. ಅವರು ನಕ್ಕು, 'ಇಷ್ಟು ವರ್ಷ ನನ್ನ ಗಂಡ ತುಂಬ್ತಿದ್ದ. ಅವನದ್ದು ಬೇರೆ ಪಾರ್ಟಿ. ನನ್ನದನ್ನ ನಾನೇ ಹಾಕ್ತೀನಿ, ಮೆಷಿನ್ ಕೊಡಿ' ಅಂದರು. ಕೈಪಿಡಿ ಹುಡುಕಿ, ಫೋನು ಮಾಡಿ, ಅದನ್ನ ಶುರು ಮಾಡೋದಕ್ಕೆ ಅರ್ಧ ಗಂಟೆ ಹಿಡೀತು. ಅವರು ಹೆಡ್‌ಫೋನ್ ಹಾಕಿಕೊಂಡು, ಬಟನ್ ಒತ್ತುತ್ತಾ, ಒಬ್ಬರೇ ಓಟು ಹಾಕಿದರು. ನಾನು ಕೋಟು ಹಿಡ್ಕೊಂಡು ನಿಂತಿದ್ದೆ, ಕಣ್ಣ ಮುಂದೆ ಚಿಕ್ಕಪ್ಪ.

ಆ ಮೆಷಿನ್ ಯಾರ ದಾನವೂ ಅಲ್ಲ ನೋಡಿ. 2002ರ 'ಹೆಲ್ಪ್ ಅಮೇರಿಕಾ ವೋಟ್ ಆಕ್ಟ್' ಪ್ರಕಾರ, 2006ರಿಂದ ಫೆಡರಲ್ ಚುನಾವಣೆಯ ಪ್ರತಿ ಮತಗಟ್ಟೆಯಲ್ಲೂ ಇಂಥದ್ದು ಒಂದಾದರೂ ಇರಲೇಬೇಕು. ಅಂಗವಿಕಲರೂ ಉಳಿದವರ ಹಾಗೆ ಸ್ವತಂತ್ರವಾಗಿ, ಗುಟ್ಟಾಗಿ ಓಟು ಹಾಕುವಂತಿರಬೇಕು ಅನ್ನೋದು ಆ ಕಾನೂನು. ಹಾಗಂತ ಸಹಾಯ ಬೇಕೆನ್ನುವವರಿಗೆ ಅದನ್ನೇನೂ ಇಲ್ಲ ಅನ್ನೋದಿಲ್ಲ. ಕೆಲಸ ಕೊಟ್ಟ ಯಜಮಾನ, ಯೂನಿಯನ್ನಿನವರು ಇಂಥವರನ್ನು ಬಿಟ್ಟು, ತಾವು ನಂಬಿದವರನ್ನ ಜೊತೆಗೆ ಕರ್ಕೊಂಡು ಬರಬಹುದು. ಆದರೆ ಆ ಆಯ್ಕೆ ಮತದಾರರದ್ದು, ನಮ್ಮದಲ್ಲ.

ನಮ್ಮ ದೇಶದಲ್ಲೂ ಬಹಳ ಆಗಿದೆ, ಇಲ್ಲ ಅಂದ್ರೆ ತಪ್ಪಾಗುತ್ತೆ. ಮತಗಟ್ಟೆಗೆ ರ‍್ಯಾಂಪ್ ಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. ಓಟಿನ ಮೆಷಿನ್ನಿನ ಮೇಲೆ ಬ್ರೈಲ್ ಅಂಕಿಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಎಲ್ಲ ಮತಗಟ್ಟೆಗಳೂ ಅವರಿಗೆ ಅನುಕೂಲವಾಗಿರಬೇಕು ಅನ್ನುತ್ತೆ. 2023ರ ಕರ್ನಾಟಕದ ಚುನಾವಣೆಯಲ್ಲಿ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಲ್ಲೇ ಓಟು ಹಾಕೋ ಅವಕಾಶ ಸಿಕ್ತು. ಆದರೂ ಒಂದು ಮಾತು. ಓಟು ಹಾಕಿದ ಮೇಲೆ ವಿವಿಪ್ಯಾಟ್ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತಲ್ಲ, ನಿಮ್ಮ ಓಟು ಸರಿಯಾಗಿ ಬಿತ್ತು ಅಂತ? ಕಣ್ಣು ಕಾಣದವರಿಗೆ ಅದರಿಂದ ಏನುಪಯೋಗ? 'ಸರಿಯಾಗಿ ಬಿತ್ತೇನೋ?' ಅಂತ ಅವರು ಇನ್ನೂ ಪಕ್ಕದವರನ್ನೇ ಕೇಳಬೇಕು.

'ನಾಲ್ಕು ಜನಕ್ಕೋಸ್ಕರ ಇಷ್ಟೆಲ್ಲ ಖರ್ಚಾ? ಕೈ ಹಿಡಿಯೋಕೆ ಮನೆಯವರು ಇರ್ತಾರಲ್ಲ' ಅಂತ ನನ್ನ ಸ್ನೇಹಿತರೊಬ್ಬರು ಕೇಳಿದರು. ಮನೆಯವರು ಇರ್ತಾರೆ ಸ್ವಾಮಿ, ನಾನೂ ಮನೆಯವನೇ ಆಗಿದ್ದೆ. ಇನ್ನು ಆ ನಾಲ್ಕು ಜನ ಯಾಕೆ ಬರೋದಿಲ್ಲ? ಮೆಷಿನ್ ಮೇಲೆ ಕೋಟು ಹಾಕಿರ್ತೀವಲ್ಲ, ಅದಕ್ಕೆ.

ನಾನು ಕೇಳೋದು ದೊಡ್ಡದೇನಲ್ಲ. ಬೆಳಿಗ್ಗೆ ಉಳಿದ ಮೆಷಿನ್ನುಗಳ ಜೊತೆಗೇ ಇದನ್ನೂ ಆನ್ ಮಾಡಿ, ಪರೀಕ್ಷೆ ಮಾಡಿಡಿ. ಬಂದವರನ್ನ 'ಜೊತೆಗೆ ಯಾರಿದ್ದಾರೆ?' ಅನ್ನೋ ಬದಲು 'ನಿಮಗೆ ಹೇಗೆ ಅನುಕೂಲ?' ಅಂತ ಅವರನ್ನೇ ಕೇಳಿ. ವಿವಿಪ್ಯಾಟ್ ಚೀಟಿಯಲ್ಲಿರೋದು ಕಿವಿಗೂ ಕೇಳಿಸೋ ಹಾಗೆ ಮಾಡಿ.

ಚಿಕ್ಕಪ್ಪ 2003ರಲ್ಲಿ ತೀರಿಕೊಂಡ. ಅವನಿಗೆ ನಾನು ನಿಜ ಹೇಳಲೇ ಇಲ್ಲ. ನಿಮ್ಮಲ್ಲಿ ಯಾರಾದರೂ ಅಜ್ಜಿಯದೋ ಅಪ್ಪನದೋ ಕೈ ಹಿಡ್ಕೊಂಡು ಮತಗಟ್ಟೆಗೆ ಹೋಗೋರಿದ್ದರೆ, ಅವರು ಹೇಳಿದ್ದನ್ನೇ ಒತ್ತಿ. ನಿಮಗೆ ಎಷ್ಟೇ ಸಿಟ್ಟು ಬಂದರೂ ಸರಿ.