ನಕ್ಷೆಗೆ ನಕ್ಷೆಯೇ ಉತ್ತರವಾಗಲಿ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಮಲೆನಾಡಿನ ವರ್ತಕರು, ಸಣ್ಣ ಉದ್ದಿಮೆದಾರರು ಸಲ್ಲಿಸಿದ ಮನವಿಪತ್ರಗಳಿಗೆ ಲೆಕ್ಕವಿಲ್ಲ. ಆದರೂ 2024ರ ಜುಲೈ 31ರಂದು ಕೇಂದ್ರವು ಆರನೆಯ ಕರಡು ಅಧಿಸೂಚನೆಯನ್ನು ಹೊರಡಿಸಿದಾಗ ಕರ್ನಾಟಕದ ಪಾಲು ಹಿಂದಿನಂತೆಯೇ 20,668 ಚದರ ಕಿ.ಮೀ. ಇದ್ದಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ತಿರಸ್ಕಾರದಿಂದ ನಕ್ಷೆಯ ಒಂದು ಗೆರೆಯೂ ಅಳಿಸುವುದಿಲ್ಲ.

ಈ ನಕ್ಷೆ ಸಿದ್ಧವಾದ ಬಗೆಯನ್ನು ಗಮನಿಸಬೇಕು. 2013ರ ಆ ವರದಿಗೆ ಮುಖ್ಯ ಆಧಾರ ನಮ್ಮದೇ ದೂರಸಂವೇದಿ ಉಪಗ್ರಹದ ಚಿತ್ರಗಳು. ಅವುಗಳ ಒಂದೊಂದು ಚುಕ್ಕೆ ನೆಲದ ಮೇಲೆ ಸುಮಾರು 24 ಮೀಟರ್ ಚೌಕ, ಎಂದರೆ ಹತ್ತಿರ ಹತ್ತಿರ ಆರು ಗುಂಟೆ. ನೆರಳುಮರಗಳಡಿಯ ಕಾಫಿ ತೋಟವನ್ನು ಕಾಡಿನಿಂದ ಬೇರ್ಪಡಿಸಿ ನೋಡುವುದು ಆಕಾಶದಿಂದ ಸುಲಭವಲ್ಲ. ಮೇಲಾಗಿ ಗ್ರಾಮವೇ ಘಟಕವಾದ್ದರಿಂದ, ಶೇ. 20ರಷ್ಟು ಭೂಮಿ ಸೂಕ್ಷ್ಮವೆಂದು ಕಂಡರೆ ಸಾಕು, ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಕರಡಿನ ಪ್ರಕಾರ ಅಲ್ಲಿ ಗಣಿ, ಕಲ್ಲು ಕ್ವಾರಿ ಮತ್ತು ಕೆಂಪು ವರ್ಗದ ಹೊಸ ಕೈಗಾರಿಕೆಗಳಿಗೆ ನಿಷೇಧ. ಹೀಗಿರುವಾಗ ಗಡಿಯಂಚಿನ ಗ್ರಾಮದಲ್ಲಿ ಶೆಡ್ಡು ಹಾಕಹೊರಟವನು ಸಾಲಕ್ಕೆ ಯಾವ ಧೈರ್ಯದಿಂದ ಅರ್ಜಿ ಹಾಕಬೇಕು?

ಕೇರಳದವರು ಬೇರೆ ದಾರಿ ಹಿಡಿದರು. ಉಮ್ಮನ್ ವಿ. ಉಮ್ಮನ್ ಸಮಿತಿಯನ್ನು ನೇಮಿಸಿ, ನೆಲದ ಮೇಲೆ ಪರಿಶೀಲನೆ ನಡೆಸಿ, 13,108 ಚದರ ಕಿ.ಮೀ. ಪ್ರದೇಶವನ್ನು 9,993.7ಕ್ಕೆ ಇಳಿಸಿಕೊಂಡರು. 2014ರ ಮಾರ್ಚ್ ತಿಂಗಳ ಕರಡಿನಲ್ಲಿ ಆ ಅಂಕಿಯೇ ಸೇರಿತು. ಅಲ್ಲಿನ ಕಡಿತವೆಲ್ಲ ನ್ಯಾಯವಾದದ್ದೆಂದು ನಾನು ಹೇಳಲಾರೆ. ಆರನೆಯ ಕರಡು ಹೊರಬಿದ್ದದ್ದು ವಯನಾಡಿನ ಭೀಕರ ಭೂಕುಸಿತದ ಮರುದಿನ ಎಂಬುದನ್ನು ನಾವಾರೂ ಮರೆಯಲಾಗದು. ಆದರೆ ಅವರು ಮಾತಿಗೆ ಬದಲಾಗಿ ಅಳತೆಯನ್ನು ಮುಂದಿಟ್ಟರು.

ನಮ್ಮ ಸಂಸ್ಥೆಯೂ ಈ ಕೆಲಸಕ್ಕೆ ಹಣ ತೊಡಗಿಸಲಿ. 2021ರ ಫೆಬ್ರವರಿಯ ಮಾರ್ಗಸೂಚಿಗಳ ನಂತರ ಭಾರತೀಯ ಸಂಸ್ಥೆಗಳು ಭೂದತ್ತಾಂಶ ಸಂಗ್ರಹಿಸಲು ಪೂರ್ವಾನುಮತಿ ಕೇಳಬೇಕಾಗಿಲ್ಲ. ಮೊದಲು ಒಂದೇ ಹೋಬಳಿಯನ್ನು ಆರಿಸಿಕೊಳ್ಳೋಣ. ಆಕಾಶ ತಿಳಿಯಾಗಿರುವ ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಸರ್ವೆ ನಂಬರುವಾರು ಜಿಪಿಎಸ್ ಬಿಂದು, ದಿನಾಂಕ, ಛಾಯಾಚಿತ್ರ ದಾಖಲಾಗಲಿ. ದಟ್ಟ ಮರಗಳಡಿ ಸಂಕೇತ ಕುಂದುವುದರಿಂದ ಅಲ್ಲಿ ಮೊಬೈಲನ್ನು ನಂಬದೆ ಒಳ್ಳೆಯ ಉಪಕರಣವನ್ನೇ ಬಳಸಬೇಕು. ತೋಟ, ಕಾರ್ಖಾನೆಗಳನ್ನಷ್ಟೇ ಅಲ್ಲ, ಹಳ್ಳ, ಕಡಿದಾದ ಇಳಿಜಾರು, ಹಿಂದೆ ಗುಡ್ಡ ಜರಿದ ಜಾಗಗಳನ್ನೂ ಗುರುತಿಸಬೇಕು. ಅದರಿಂದ ನಮ್ಮದೇ ಸದಸ್ಯರ ಕೆಲವು ಜಮೀನುಗಳು ಪಟ್ಟಿಯಲ್ಲಿಯೇ ಉಳಿದರೆ ಉಳಿಯಲಿ. ಬೇಕಾದುದನ್ನು ಮಾತ್ರ ಆರಿಸಿಕೊಟ್ಟ ದತ್ತಾಂಶವನ್ನು ದೆಹಲಿಯಲ್ಲಿ ಯಾರೂ ತೆರೆದು ನೋಡುವುದಿಲ್ಲ.